ಹುಳ ಬಿತ್ತು, ಮರಿ ಯಾಕೆ ಏಳಲಿಲ್ಲ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಲಾಡಿಹುಳದ್ದೇ. ಮಳೆಗಾಲ ಮುಗಿಯುತ್ತಾ ಬಂದ ಹಾಗೆ ಪ್ರತಿ ವರ್ಷ ಇದೇ ಕಥೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿಕೊಂಡಿದ್ದಾರೆ. ಹಾಗಾಗಿ ಯಾರದೂ ಹಾಕಿಲ್ಲ, ಊರಿನ ಕಡೆ ಮಾತ್ರ ಬರೆದಿದ್ದೇನೆ.

ಪ್ರಶ್ನೆ: ನಮ್ಮದು ಹುನಗುಂದ ಕಡೆ ಹಳ್ಳಿ. 60 ಯಳಗ ತಳಿಯ ಕುರಿ, 35 ಮರಿ ಇವೆ. ಮರಿಗಳಿಗೆ ಮೂರೂವರೆ ತಿಂಗಳು. ಹಿಕ್ಕೆಯಲ್ಲಿ ಬೆಂದ ಅನ್ನದ ಅಗುಳಿನಂಥದ್ದು ಕಾಣುತ್ತಿತ್ತು. ಅಂಗಡಿಯಿಂದ ಜಂತಿನ ಔಷಧ ತಂದು ಕುಡಿಸಿದೆವು. ಮಾರನೇ ದಿನ ಉದ್ದುದ್ದ ಲಾಡಿಹುಳ ಬಿದ್ದವು. ಆದರೆ ಹದಿನೈದು ದಿನವಾದರೂ ಮರಿಗಳು ಮೈ ತುಂಬಿಕೊಂಡಿಲ್ಲ, ಎರಡು ಸತ್ತೂ ಹೋದವು. ಅದೇ ಔಷಧ ಇನ್ನೊಮ್ಮೆ ಹಾಕಬೇಕಾ?

ಉತ್ತರ: ಬೇಡ. ಸುಮ್ನೆ ಇನ್ನೊಂದು ಬಾಟಲಿ ತರುವ ಮೊದಲು ಒಂದು ಕೆಲಸ ಮಾಡಿ. ಒಳ್ಳೆಯ ಬೆಳಕಿನಲ್ಲಿ ಮರಿಯನ್ನು ಮೊಣಕಾಲ ನಡುವೆ ಹಿಡಿದು, ಕಣ್ಣಿನ ಕೆಳರೆಪ್ಪೆಯನ್ನು ಸ್ವಲ್ಪ ಜಗ್ಗಿ ನೋಡಿ. ಒಳಗೆ ಕೆಂಪಗಿದ್ದರೆ ಚಿಂತೆಯಿಲ್ಲ. ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರೆ, ಗದ್ದದ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋತಿದ್ದರೆ, ನಿಮ್ಮ ಮರಿಗಳನ್ನು ಕೊಲ್ಲುತ್ತಿರುವುದು ಹೆಚ್ಚಾಗಿ ಲಾಡಿಹುಳ ಅಲ್ಲ. ಅದು ರಕ್ತ ಹೀರುವ ಹುಳ, ಹಿಮಾಂಕಸ್ ಅಂತ ಅದರ ಹೆಸರು.

ಈ ಮಾತನ್ನು ಎಷ್ಟು ಸಲ ಹೇಳಿದರೂ ಕುರಿಗಾರರು ತಲೆ ಆಡಿಸಿ ಹೋಗಿ, ಮತ್ತೆ ಲಾಡಿಯ ಔಷಧವನ್ನೇ ತರುತ್ತಾರೆ. ಅವರ ತಪ್ಪೂ ಅಲ್ಲ ಬಿಡಿ. ಲಾಡಿಹುಳ ಕಣ್ಣಿಗೆ ಕಾಣುತ್ತದೆ. ಬಿಳಿ ಬಣ್ಣ, ಪಟ್ಟಿಯಂಥ ಮೈ, ಕೆಲವು ಎರಡಾಳು ಉದ್ದಕ್ಕಿಂತಲೂ ಜಾಸ್ತಿ ಬೆಳೆಯುತ್ತವೆ. ಅಂಥದ್ದು ಮರಿಯ ಹಿಂದೆ ಜೋತಾಡುವುದನ್ನು ನೋಡಿದ ಯಾರಿಗಾದರೂ ಇದೇ ಕಳ್ಳ ಅನ್ನಿಸುವುದು ಸಹಜ. ರಕ್ತ ಹೀರುವ ಹುಳ ನಾಲ್ಕನೇ ಹೊಟ್ಟೆಯಲ್ಲಿ ಕೂತಿರುತ್ತದೆ, ಎರಡು ಮೂರು ಸೆಂಟಿಮೀಟರ್ ದಾರದಷ್ಟು. ಕೆಂಪು ಬಿಳಿ ನೂಲು ಸೇರಿಸಿ ಹುರಿ ಹೊಸೆದ ಹಾಗಿರುತ್ತದೆ. ಹಿಕ್ಕೆಯಲ್ಲಿ ಕಾಣುವುದೇ ಇಲ್ಲ. ಒಂದು ಹುಳ ದಿನಕ್ಕೆ ಹೀರುವ ರಕ್ತ ಸುಮಾರು 0.05 ಮಿಲಿ. ಏನು ಮಹಾ ಅನ್ನಿಸುತ್ತೆ ಅಲ್ವಾ? ಹೊಟ್ಟೆಯಲ್ಲಿ ಸಾವಿರ ಹುಳ ಇದ್ದರೆ ದಿನಕ್ಕೆ 50 ಮಿಲಿ ಆಯಿತು. 10 ಕಿಲೋ ಮರಿ ಎಷ್ಟು ದಿನ ತಡೆದೀತು?

ಹಾಗಂತ ಲಾಡಿಹುಳ ಒಳ್ಳೆಯದು ಅಂತಲ್ಲ. ಕುರಿ, ಆಡು, ಕರುಗಳ ಸಣ್ಣ ಕರುಳಿನಲ್ಲಿ ಜಾಸ್ತಿ ಸಿಗುವುದು ಮೊನೀಜಿಯಾ ಜಾತಿಯದು. ಅದಕ್ಕೆ ಬಾಯಿಯೇ ಇಲ್ಲ. ತಲೆಯಲ್ಲಿರುವ ನಾಲ್ಕು ಹೀರುಬಟ್ಟಲುಗಳಿಂದ ಕರುಳಿಗೆ ಅಂಟಿಕೊಂಡು, ಮರಿ ತಿಂದದ್ದನ್ನು ಮೈಯಿಂದಲೇ ಎಳೆದುಕೊಳ್ಳುತ್ತದೆ. ಒಂದೆರಡು ಇದ್ದರೆ ಮರಿಗೆ ಅಷ್ಟೇನೂ ಆಗುವುದಿಲ್ಲ. ಗಂಟುಗಂಟಾಗಿ ತುಂಬಿದರೆ ಹೊಟ್ಟೆ ಡೊಳ್ಳಾಗುತ್ತದೆ, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ, ಅಪರೂಪಕ್ಕೆ ಕರುಳೇ ಕಟ್ಟಿಕೊಳ್ಳುತ್ತದೆ. ನೀವು ಕಂಡ ಅನ್ನದ ಅಗುಳು ಅದರ ಮೈಯ ತುಂಡು. ಒಳಗೆ ತುಂಬಾ ಮೊಟ್ಟೆ.

ಆ ಮೊಟ್ಟೆಯನ್ನು ಕುರಿ ನೇರವಾಗಿ ತಿಂದರೆ ರೋಗ ಬರಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಹುಲ್ಲಿನ ಬುಡದ ಮಣ್ಣಿನಲ್ಲಿ ಒಂದು ಮಿಲಿಮೀಟರ್‌ಗಿಂತ ಚಿಕ್ಕ ನುಸಿ ಇರುತ್ತದೆ. ಮೊದಲು ಅದು ಮೊಟ್ಟೆ ತಿನ್ನಬೇಕು, ಅದರ ಹೊಟ್ಟೆಯಲ್ಲಿ ಮರಿಹುಳ ಎರಡು ಮೂರು ತಿಂಗಳು ಬೆಳೆಯಬೇಕು, ಆಮೇಲೆ ಹುಲ್ಲಿನ ಜೊತೆ ಆ ನುಸಿಯನ್ನು ಕುರಿಮರಿ ನುಂಗಬೇಕು. ಅಲ್ಲಿಂದ ಸುಮಾರು ಆರು ವಾರಕ್ಕೆ ಹಿಕ್ಕೆಯಲ್ಲಿ ಅಗುಳು ಶುರು. ಲೆಕ್ಕ ಹಾಕಿ ನೋಡಿ. ಹಾಲು ಬಿಟ್ಟು ಹುಲ್ಲು ಕಚ್ಚಲು ಕಲಿತ ಮರಿಗೆ ಮೂರು ತಿಂಗಳಿಗೇ ಯಾಕೆ ಕಾಣುತ್ತದೆ ಅನ್ನುವುದಕ್ಕೆ ಇದೇ ಉತ್ತರ. ವಯಸ್ಸಾದ ಹಾಗೆ ಮರಿಯ ಮೈ ತಾನೇ ಈ ಹುಳವನ್ನು ತಡೆದುಕೊಳ್ಳಲು ಕಲಿಯುತ್ತದೆ, ದೊಡ್ಡ ಕುರಿಯಲ್ಲಿ ಇದರ ಕಾಟ ಕಡಿಮೆ.

ನುಸಿ ಬಿಸಿಲಿಗೆ ಹೆದರುತ್ತದೆ. ಬೆಳಗಿನ ಜಾವ, ಸಂಜೆ, ಇಬ್ಬನಿ ಇದ್ದಾಗ ಹುಲ್ಲಿನ ಎಸಳಿನ ಮೇಲಕ್ಕೆ ಏರುತ್ತದೆ. ನಮ್ಮ ಹಿರಿಯರು ಇಬ್ಬನಿ ಆರುವ ತನಕ ಕುರಿ ಬಿಡುತ್ತಿರಲಿಲ್ಲ, ಅದಕ್ಕೆ ಕಾರಣ ಏನೇ ಹೇಳಿರಲಿ, ಆ ಪದ್ಧತಿ ಸರಿ ಇತ್ತು. ರಕ್ತ ಹೀರುವ ಹುಳದ ಮರಿಗಳೂ ಅದೇ ತೇವದಲ್ಲಿ ಹುಲ್ಲು ಹತ್ತುತ್ತವೆ. ವರ್ಷವಿಡೀ ಹಸಿರಿರುವ ಕಾಲುವೆ ಏರಿ, ಕೆರೆ ದಂಡೆಯಲ್ಲಿ ನುಸಿ ಜಾಸ್ತಿ. ಉತ್ತು ಬಿತ್ತಿದ ಎರೆಹೊಲದ ಜೋಳದ ಕೂಳೆಯಲ್ಲಿ ಕಡಿಮೆ. ಸಣ್ಣ ಮರಿಗಳನ್ನು ಆದಷ್ಟು ಅಲ್ಲಿಗೇ ಹೊಡೆಯಿರಿ.

ಇನ್ನು ನಿಮ್ಮ ಔಷಧದ ವಿಷಯ. ಯಾವುದು ಅಂತ ನೀವು ಬರೆದಿಲ್ಲ. ನಿಕ್ಲೋಸಮೈಡ್ ಅಥವಾ ಪ್ರಾಜಿಕ್ವಾಂಟೆಲ್ ಮಾತ್ರ ಇದ್ದ ಔಷಧ ಆಗಿದ್ದರೆ ಅದು ಲಾಡಿಯನ್ನು ಕೆಡವಿದೆ, ರಕ್ತ ಹೀರುವುದನ್ನು ಮುಟ್ಟಿಯೂ ಇಲ್ಲ. ಅಲ್ಬೆಂಡಜೋಲ್ ಆಗಿದ್ದರೆ ಎರಡೂ ಹೋಗಬೇಕಿತ್ತು, ಆದರೆ ವರ್ಷಗಟ್ಟಲೆ ಅದನ್ನೇ ಕುಡಿಸಿದ ಹಿಂಡುಗಳಲ್ಲಿ ಹಿಮಾಂಕಸ್ ಈಗ ಅದಕ್ಕೆ ಬಗ್ಗುತ್ತಿಲ್ಲ. ಡೋಸ್ ಕಡಿಮೆ ಬಿದ್ದಿರುವ ಸಾಧ್ಯತೆಯೂ ಇದೆ. 2.5 ಶೇಕಡಾ ಅಲ್ಬೆಂಡಜೋಲ್ ಅಂದರೆ ಒಂದು ಮಿಲಿಯಲ್ಲಿ 25 ಮಿಲಿಗ್ರಾಂ. ಲಾಡಿಹುಳಕ್ಕೆ ಕುರಿಯ ಕಿಲೋ ತೂಕಕ್ಕೆ 10 ಮಿಲಿಗ್ರಾಂ ಲೆಕ್ಕ ಹಿಡಿದರೆ 10 ಕಿಲೋ ಮರಿಗೆ 4 ಮಿಲಿ. ಇದಕ್ಕಿಂತ ಗಟ್ಟಿ ಔಷಧವೂ ಅಂಗಡಿಯಲ್ಲಿ ಸಿಗುತ್ತದೆ, ಆದ್ದರಿಂದ ಬಾಟಲಿ ಮೇಲಿನದ್ದನ್ನು ಓದದೆ ಸುರಿಯಬೇಡಿ. ಮರಿಯ ತೂಕವನ್ನು ಕಣ್ಣಂದಾಜಿನಲ್ಲಿ ಹೇಳಲೂ ಬೇಡಿ. ಬೇವಿನ ಕೊಂಬೆಗೆ ತೂಗುಕೊಕ್ಕೆ ಕಟ್ಟಿ, ಗೋಣಿಚೀಲದಲ್ಲಿ ಮರಿ ಕೂರಿಸಿ ತೂಗಿದರೆ ಆಯಿತು.

ಎಲ್ಲಕ್ಕಿಂತ ಒಳ್ಳೆಯದು, ನಾಲ್ಕೈದು ಮರಿಗಳ ತಾಜಾ ಹಿಕ್ಕೆಯನ್ನು ಬೇರೆ ಬೇರೆ ಕವರ್‌ನಲ್ಲಿ ಹಾಕಿಕೊಂಡು ಅದೇ ದಿನ ತಾಲ್ಲೂಕು ಪಶು ಆಸ್ಪತ್ರೆಗೆ ಹೋಗಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಹುಳದ ಮೊಟ್ಟೆ ಅಂತ ಹತ್ತು ನಿಮಿಷಕ್ಕೆ ಗೊತ್ತಾಗುತ್ತದೆ. ಹಿಕ್ಕೆಯಲ್ಲಿ ರಕ್ತ ಇದ್ದರೆ ಅದನ್ನೂ ಹೇಳಿ, ಆ ವಯಸ್ಸಿನ ಮರಿಗಳಿಗೆ ಕಾಕ್ಸಿಡಿಯಾ ಅಂತ ಇನ್ನೊಂದು ಕಾಟ ಇದೆ, ಜಂತಿನ ಔಷಧಕ್ಕೆ ಅದು ಜಗ್ಗುವುದಿಲ್ಲ. ಹಿಂದೊಮ್ಮೆ ಅಮೀನಗಡದ ಕುರಿಸಂತೆಯಲ್ಲಿ ಒಬ್ಬ ಹಿರಿಯರು ನನ್ನ ಕೈ ಹಿಡಿದು, "ಸಾಹೇಬ್ರ, ಹುಳ ಅಂತೂ ಬಿತ್ತು, ಮರಿ ಯಾಕ ಏಳವಲ್ದು?" ಅಂತ ನಿಮ್ಮ ಪ್ರಶ್ನೆಯನ್ನೇ ಕೇಳಿದ್ದರು. ಅಲ್ಲೇ ಅವರ ಮರಿಯ ಕಣ್ಣುರೆಪ್ಪೆ ಜಗ್ಗಿ ತೋರಿಸಿದೆ. ಕಾಗದದ ಹಾಗೆ ಬಿಳಿ.

ಪ್ರಶ್ನೆ: ಆಡುಗಳಿಗೆ ಐವರ್ಮೆಕ್ಟಿನ್ ಇಂಜೆಕ್ಷನ್ ಮಾಡಿಸಿದೆ. ಆದರೂ ಲಾಡಿಹುಳ ಬೀಳುತ್ತಲೇ ಇದೆ. ಇಂಜೆಕ್ಷನ್ ನಕಲಿ ಇರಬಹುದಾ? (ಜಮಖಂಡಿ ಕಡೆಯವರು)

ಉತ್ತರ: ನಕಲಿ ಅಲ್ಲ. ಐವರ್ಮೆಕ್ಟಿನ್ ದುಂಡುಹುಳಕ್ಕೆ, ಕಜ್ಜಿಗೆ, ಹೇನಿಗೆ. ಲಾಡಿಹುಳಕ್ಕೆ ಅದು ನೀರಿದ್ದ ಹಾಗೆ. ಲೆವಮಿಸೋಲ್ ಕೂಡ ಅಷ್ಟೇ. ಮತ್ತೊಂದು ಮಾತು, ಆಡಿನ ಮೈ ಔಷಧವನ್ನು ಕುರಿಗಿಂತ ಬೇಗ ಹೊರಹಾಕುತ್ತದೆ. ಹಾಗಾಗಿ ಕುರಿಯ ಡೋಸ್ ಆಡಿಗೆ ಸಾಲದು, ಎಷ್ಟು ಅಂತ ಡಾಕ್ಟರನ್ನೇ ಕೇಳಿ.

ಪ್ರಶ್ನೆ: ಜಂತಿನ ಔಷಧ ಕುಡಿಸಿದ ಮೂರನೇ ದಿನ ಚೆನ್ನಾಗಿದ್ದ ಮರಿ ಕೆಮ್ಮಿ ಕೆಮ್ಮಿ ಸತ್ತಿತು. ಔಷಧ ವಿಷ ಆಗಿತ್ತಾ? (ಬಸವನ ಬಾಗೇವಾಡಿ ಕಡೆಯವರು)

ಉತ್ತರ: ಕೆಮ್ಮು ಅಂದಿರಲ್ಲ, ಅಲ್ಲೇ ಇದೆ ಉತ್ತರ. ಔಷಧ ಹೊಟ್ಟೆಗೆ ಹೋಗದೆ ಪುಪ್ಪುಸಕ್ಕೆ ಹೋಗಿರಬೇಕು. ಇದನ್ನು ಧೈರ್ಯವಾಗಿ ಹೇಳುತ್ತೇನೆ, ಯಾಕೆಂದರೆ ನಾನೇ ಈ ತಪ್ಪು ಮಾಡಿದವನು. ಕೆಲಸಕ್ಕೆ ಸೇರಿದ ಹೊಸತು, ಒಂದು ಹಟ್ಟಿಯಲ್ಲಿ ಇನ್ನೂರು ಕುರಿ, ಸಂಜೆ ಆಗುತ್ತಿತ್ತು, ಕತ್ತಲಾಗುವುದರೊಳಗೆ ಮುಗಿಸಬೇಕು ಅಂತ ಒಂದೊಂದರ ತಲೆಯನ್ನೂ ಆಕಾಶಕ್ಕೆ ಎತ್ತಿ ಸುರಿದೆ. ನಾಲ್ಕನೇ ದಿನ ಆ ಕುರಿಗಾರ ಮೂರು ಮರಿಗಳನ್ನು ಸೈಕಲ್ ಹಿಂದೆ ಕಟ್ಟಿಕೊಂಡು ಬಂದು ನನ್ನ ಟೇಬಲ್ ಮುಂದೆ ಇಟ್ಟ. ಬೈಯಲಿಲ್ಲ. ಏನಾಯ್ತು ನೋಡ್ರಿ ಅಂದ, ಅಷ್ಟೇ. ಕೊಯ್ದು ನೋಡಿದರೆ ಪುಪ್ಪುಸದ ತುಂಬಾ ಬಿಳಿ ಔಷಧ.

ತಲೆ ನೆಲಕ್ಕೆ ಸಮನಾಗಿರಲಿ, ಮೂಗು ಕಣ್ಣಿಗಿಂತ ಮೇಲೆ ಹೋಗಬಾರದು. ಬಾಯಿಯ ಪಕ್ಕದಿಂದ, ಹಲ್ಲಿಲ್ಲದ ಸಂದಿನಲ್ಲಿ ಕೊಳವೆ ತೂರಿಸಿ ನಾಲಗೆಯ ಮೇಲೆ ನಿಧಾನಕ್ಕೆ ಬಿಡಿ. ಕೆಮ್ಮಿದರೆ ತಕ್ಷಣ ತಲೆ ಕೆಳಗೆ ಬಿಡಿ.

ಪ್ರಶ್ನೆ: ನಮ್ಮದು ಎರಡು ಆಕಳು, ಒಂದು ಎಮ್ಮೆ. ಆಕಳಕರುವಿನ ಸಗಣಿಯಲ್ಲಿ ಲಾಡಿಹುಳ ಕಂಡಿತು. ತಾಯಿಯ ಹಾಲಿನಿಂದ ಬಂದಿರಬಹುದಾ? ಆ ಹಾಲು ನಾವು ಕುಡಿಯಬಹುದಾ? ಇನ್ನೊಂದು ಆಕಳು ಎರಡು ತಿಂಗಳ ಗಬ್ಬ, ಅದಕ್ಕೂ ಔಷಧ ಹಾಕಬಹುದಾ? (ಅಥಣಿಯ ಒಬ್ಬ ಅಕ್ಕ)

ಉತ್ತರ: ಅಕ್ಕಾ, ಲಾಡಿಹುಳ ಹಾಲಿನಲ್ಲಿ ಬರಲ್ಲ, ಹಾಲು ಕಾಯಿಸಿ ಆರಾಮಾಗಿ ಕುಡಿಯಿರಿ. ಕರು ಹೊರಗೆ ಹುಲ್ಲು ಮೇಯುವಾಗ ಮೇಲೆ ಹೇಳಿದ ನುಸಿಯನ್ನೇ ತಿಂದಿರುತ್ತದೆ. ಆದರೆ ನಿಮ್ಮ ಎಮ್ಮೆ ಈಯುವಾಗ ಎಚ್ಚರ ಇರಲಿ. ಎಮ್ಮೆಕರುವಿಗೆ ತಾಯಿಯ ಹಾಲಿನಿಂದ ಬರುವ ಹುಳ ಬೇರೆ ಇದೆ, ಅದು ದುಂಡುಹುಳ, ಬಿಳಿ ಶಾವಿಗೆಯನ್ನು ದಪ್ಪ ಮಾಡಿದ ಹಾಗೆ. ಹುಟ್ಟಿದ ಮೊದಲ ತಿಂಗಳಲ್ಲೇ ಕರುವನ್ನು ಹಿಂಡಿ ಹಾಕುತ್ತದೆ. ಲಾಡಿಹುಳಕ್ಕಿಂತ ಸಾವಿರ ಪಾಲು ಕೆಟ್ಟದ್ದು. ಹುಟ್ಟಿದ ಎರಡನೇ ವಾರದಲ್ಲಿ ಪಿಪರಜಿನ್ ಹಾಕಿಸಿ.

ಎರಡು ತಿಂಗಳ ಗಬ್ಬದ ಆಕಳಿನ ವಿಷಯ. ಮೊದಲ 45 ದಿನ ಅಲ್ಬೆಂಡಜೋಲ್ ಹಾಕಲೇಬಾರದು, ಹೊಟ್ಟೆಯ ಕರುವಿಗೆ ತೊಂದರೆ. ನಿಮ್ಮ ಆಕಳು ಆ ಗಡಿ ದಾಟಿದೆ, ಆದರೂ ಹಾಕಲೇಬೇಕಿದ್ದರೆ ಫೆನ್‌ಬೆಂಡಜೋಲ್ ಕೇಳಿ. ದೊಡ್ಡ ಆಕಳಿಗೆ ಲಾಡಿಹುಳದ ಸಲುವಾಗಿ ಔಷಧ ಹಾಕುವ ಅಗತ್ಯ ಬೀಳುವುದೇ ಕಡಿಮೆ. ಹಿಂಡುವ ಆಕಳಿಗೆ ಹಾಕಿದರೆ ಡಬ್ಬಿಯ ಮೇಲೆ ಬರೆದಷ್ಟು ದಿನ ಡೈರಿಗೆ ಹಾಲು ಹಾಕಬೇಡಿ.

ಪ್ರಶ್ನೆ: ಒಂದು ವರ್ಷದ ಕುರಿ ತಲೆ ಓರೆ ಮಾಡಿಕೊಂಡು ಒಂದೇ ಕಡೆ ಗಿರಗಿರ ಸುತ್ತುತ್ತದೆ. ಗೋಡೆಗೆ ಹಾಯುತ್ತದೆ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದ್ದೇವೆ. ಹೋದ ವರ್ಷವೂ ಎರಡು ಹೀಗೇ ಆಗಿ ಸತ್ತವು. ಬೇರೆ ಕುರಿಗಳಿಗೆ ಏನೂ ಇಲ್ಲ. (ಮುಧೋಳ ಕಡೆಯವರು)

ಉತ್ತರ: ತಾಯತ ಇರಲಿ, ಅದರಿಂದ ನಷ್ಟವಿಲ್ಲ. ನಿಮ್ಮ ಹಟ್ಟಿಯಲ್ಲಿ ನಾಯಿ ಎಷ್ಟಿವೆ ಅನ್ನುವುದನ್ನು ಮೊದಲು ಹೇಳಿ. ಮುಧೋಳ ಕಡೆ ನಾಯಿ ಇಲ್ಲದ ಹಿಂಡು ಎಲ್ಲಿದೆ!

ಇದೂ ಲಾಡಿಹುಳವೇ, ಆದರೆ ಬೇರೆ ಜಾತಿ. ದೊಡ್ಡ ಹುಳ ಇರುವುದು ನಾಯಿಯ ಕರುಳಿನಲ್ಲಿ. ಅದರ ಮೊಟ್ಟೆ ನಾಯಿಯ ಮಲದಲ್ಲಿ ಹೊರಗೆ ಬಂದು ಹುಲ್ಲಿಗೆ, ನೀರಿಗೆ ಸೇರುತ್ತದೆ. ಕುರಿ ಅದನ್ನು ತಿಂದರೆ ಮರಿಹುಳ ರಕ್ತದಲ್ಲಿ ಹರಿದು ಮಿದುಳಿಗೆ ಹೋಗಿ ಕೂರುತ್ತದೆ. ಅಲ್ಲಿ ತಿಂಗಳುಗಟ್ಟಲೆ ಬೆಳೆದು ನೀರು ತುಂಬಿದ ಗುಳ್ಳೆಯಾಗುತ್ತದೆ, ಕೋಳಿಮೊಟ್ಟೆಯಷ್ಟು ದೊಡ್ಡದು ಆಗುವುದೂ ಉಂಟು. ಆ ಗುಳ್ಳೆಯನ್ನು ಬೆಳಕಿಗೆ ಹಿಡಿದರೆ ತೆಳುವಾದ ಪೊರೆಗೆ ಗಸಗಸೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳ ಗುಂಪು ಕಾಣುತ್ತದೆ. ಒಂದೊಂದು ಚುಕ್ಕೆಯೂ ಒಂದು ಲಾಡಿಹುಳದ ತಲೆ. ಕುರಿ ಸತ್ತಾಗ ಆ ತಲೆಯನ್ನು ನೀವು ಏನು ಮಾಡಿದಿರಿ? ನಾಯಿಗೆ ಹಾಕಿದ್ದರೆ ಹೋದ ವರ್ಷದ ಎರಡು ಕುರಿಗಳೇ ಈ ವರ್ಷದ ಕುರಿಗೆ ರೋಗ ಕೊಟ್ಟಿವೆ, ನಾಯಿ ಬರೀ ಟಪಾಲು ಮುಟ್ಟಿಸಿದೆ.

ಗುಳ್ಳೆ ಬೆಳೆದ ಮೇಲೆ ಕುಡಿಸುವ ಔಷಧದಿಂದ ಹೆಚ್ಚು ಪ್ರಯೋಜನ ಇಲ್ಲ. ಕೆಲವು ಕುರಿಗಳಲ್ಲಿ ಗುಳ್ಳೆಯ ಮೇಲಿನ ತಲೆಬುರುಡೆ ಮೆತ್ತಗಾಗಿ ಬೆರಳು ಒತ್ತಿದರೆ ಗೊತ್ತಾಗುತ್ತದೆ. ಅಂಥ ಕಡೆ ಬುರುಡೆ ಕೊರೆದು ಗುಳ್ಳೆ ತೆಗೆಯುವ ಆಪರೇಷನ್ ಇದೆ. ಬೆಲೆಬಾಳುವ ಟಗರಾದರೆ ಕೇಳಿ ನೋಡಿ. ಆದರೆ ಸುತ್ತುವುದೆಲ್ಲ ಇದೇ ಅಂತ ನೀವೇ ತೀರ್ಮಾನ ಮಾಡಬೇಡಿ. ಬಿ1 ಜೀವಸತ್ವದ ಕೊರತೆಯಲ್ಲೂ ಕುರಿ ಕಣ್ಣು ಕಾಣದೆ ತಡವರಿಸುತ್ತದೆ, ಅದು ಬೇಗ ಇಂಜೆಕ್ಷನ್ ಬಿದ್ದರೆ ಉಳಿಯುತ್ತದೆ. ಮೂಗಿನಲ್ಲಿ ನೊಣದ ಹುಳ ಸೇರಿದರೂ ತಲೆ ಕೊಡವುತ್ತಾ ಸೀನುತ್ತದೆ. ಹುಚ್ಚುನಾಯಿ ಕಚ್ಚಿರುವ ಅನುಮಾನ ಒಂಚೂರು ಇದ್ದರೂ ಬರಿಗೈಯನ್ನು ಅದರ ಬಾಯಿಗೆ ಹಾಕಬೇಡಿ. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತದೆ.

ಪ್ರಶ್ನೆ: ಜಾತ್ರೆಗೆ ಆಡು ಕೊಯ್ದಾಗ ಹೊಟ್ಟೆಯ ಕೊಬ್ಬಿನ ಪೊರೆಗೆ ನೀರಿನ ಚೀಲಗಳು ಜೋತಿದ್ದವು, ಕಲೇಜಿಯಲ್ಲೂ ಒಂದು ಗಟ್ಟಿ ಬಿಳಿ ಗಡ್ಡೆ. ಹಿರಿಯರು ಅದನ್ನು ಕಿತ್ತು ನಾಯಿಗೆ ಎಸೆದು ಉಳಿದದ್ದನ್ನು ಬೇಯಿಸಿದರು. ತಿಂದವರಿಗೆ ಹೊಟ್ಟೆಯಲ್ಲಿ ಲಾಡಿಹುಳ ಆಗುತ್ತದಾ? (ಸಿಂದಗಿಯಿಂದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ತಿಂದವರಿಗೆ ಏನೂ ಆಗಲ್ಲ ತಂಗಿ. ತಪ್ಪಾಗಿದ್ದು ಎಸೆದದ್ದರಲ್ಲಿ.

ಪೊರೆಗೆ ಜೋತ ನೀರಿನ ಚೀಲ, ಒಳಗೆ ಒಂದೇ ಒಂದು ಬಿಳಿ ಚುಕ್ಕೆ, ಅದು ನಾಯಿಯ ಒಂದು ಜಾತಿ ಲಾಡಿಹುಳದ ಮರಿ. ಅದರಿಂದ ಮನುಷ್ಯರಿಗೆ ಭಯ ಇಲ್ಲ. ಕಲೇಜಿಯ ಒಳಗೆ ಹೂತುಕೊಂಡ, ದಪ್ಪ ಬಿಳಿ ಗೋಡೆಯ ಗಡ್ಡೆಯಲ್ಲೂ ನೀರು ಇದ್ದಿದ್ದರೆ ಅದು ಬೇರೆ. ಅದಕ್ಕೆ ಹೈಡಾಟಿಡ್ ಅನ್ನುತ್ತಾರೆ. ಪುಪ್ಪುಸದಲ್ಲೂ ಸಿಗುತ್ತದೆ. ಇದರ ದೊಡ್ಡ ಹುಳ ನಾಯಿಯ ಕರುಳಲ್ಲಿ ಇರುತ್ತದೆ, ದೊಡ್ಡದು ಅಂದರೂ ಅಕ್ಕಿಕಾಳಿಗಿಂತ ಚಿಕ್ಕದು, ಅರ್ಧ ಸೆಂಟಿಮೀಟರ್ ಅಷ್ಟೇ. ಹಸಿ ಗಡ್ಡೆ ತಿಂದ ನಾಯಿಯ ಮಲದಲ್ಲಿ ಸುಮಾರು ಆರೇಳು ವಾರಕ್ಕೆ ಹುಳದ ಮೊಟ್ಟೆ ಬರಲು ಶುರುವಾಗುತ್ತದೆ. ಆ ಮೊಟ್ಟೆ ನಾಯಿಯ ಕೂದಲಿಗೆ ಅಂಟಿಕೊಂಡಿರುತ್ತದೆ, ಮಕ್ಕಳು ಮುದ್ದು ಮಾಡಿ ಅದೇ ಕೈಯಲ್ಲಿ ರೊಟ್ಟಿ ತಿನ್ನುತ್ತಾರೆ. ಹೊಲದ ಸೊಪ್ಪಿನಲ್ಲೂ ಇರಬಹುದು. ಆಗ ಮನುಷ್ಯರ ಕಲೇಜಿಯಲ್ಲೂ ಅದೇ ಗಡ್ಡೆ, ವರ್ಷಗಟ್ಟಲೆ ಗೊತ್ತೇ ಆಗದೆ ಬೆಳೆದು, ಕೊನೆಗೆ ಆಪರೇಷನ್ ತನಕ ಹೋಗುತ್ತದೆ.

ಹೀಗಾಗಿ ಮಟನ್ ಬಿಡುವ ಅಗತ್ಯ ಇಲ್ಲ. ದನದ ಮಾಂಸ, ಹಂದಿ ಮಾಂಸ ಸರಿಯಾಗಿ ಬೇಯದಿದ್ದರೆ ಮನುಷ್ಯರಿಗೆ ಲಾಡಿಹುಳ ಬರುವುದು ನಿಜ, ಕುರಿ ಆಡಿನ ಲೆಕ್ಕ ಹಾಗಲ್ಲ. ಜಾತ್ರೆಯಲ್ಲಿ ಕೊಯ್ಯುವ ಕಡೆ ಒಂದು ಮುಚ್ಚಳದ ಡ್ರಮ್ ಇಡಿಸಿ. ಗುಳ್ಳೆ ಇದ್ದ ಕಲೇಜಿ, ಪುಪ್ಪುಸ, ತಲೆ ಎಲ್ಲ ಅದರಲ್ಲಿ ಬೀಳಲಿ. ಆಮೇಲೆ ಸುಡಿ, ಇಲ್ಲವೇ ನಾಯಿ ಕೆದರಲಾಗದಷ್ಟು ಆಳಕ್ಕೆ ಹೂತು ಮೇಲೆ ಕಲ್ಲು ಹೇರಿ. ನಾಯಿಗೆ ಹಾಕಲೇಬೇಕು ಅನ್ನುವವರು ಅರ್ಧ ಗಂಟೆ ಕುದಿಸಿ ಹಾಕಲಿ. ಹಿರಿಯರಿಗೆ ಇದನ್ನು ಹೇಳುವುದು ಕಷ್ಟ ಅಂತ ಗೊತ್ತು, ನಮ್ಮ ಮನೆಯಲ್ಲೇ ನನ್ನ ಮಾತು ನಡೆಯಲು ಮೂರು ಜಾತ್ರೆ ಬೇಕಾಯಿತು.

ಪ್ರಶ್ನೆ: ನಮ್ಮ ಅಜ್ಜ ತಂಬಾಕು ಮತ್ತು ಮೈಲುತುತ್ತ ನೆನೆಸಿದ ನೀರು ಕುಡಿಸಿ ಲಾಡಿಹುಳ ಕೆಡವುತ್ತಿದ್ದ. ಈಗಲೂ ಮಾಡಬಹುದಾ? (ನಿಪ್ಪಾಣಿ)

ಉತ್ತರ: ನಿಮ್ಮ ಅಜ್ಜ ಕಟ್ಟುಕಥೆ ಹೇಳಿಲ್ಲ. ಈಗಿನ ಔಷಧಗಳು ಬರುವ ಮುಂಚೆ ಪುಸ್ತಕದಲ್ಲೂ ಅದೇ ಇತ್ತು, ತಾಮ್ರದ ಸಲ್ಫೇಟ್ ಮತ್ತು ನಿಕೋಟಿನ್. ಆದರೆ ಬೇಡ. ಕುರಿಯ ಮೈ ತಾಮ್ರವನ್ನು ತಡೆಯುವುದೇ ಇಲ್ಲ, ಒಂಚೂರು ಹೆಚ್ಚಾದರೆ ಕಲೇಜಿ ಕೆಟ್ಟು, ಕಾಮಾಲೆಯಾಗಿ, ಉಚ್ಚೆ ಕೆಂಪಾಗಿ ಸಾಯುತ್ತದೆ. ಮೈಲುತುತ್ತ ದ್ರಾಕ್ಷಿ ತೋಟಕ್ಕೇ ಇರಲಿ.

ಪ್ರಶ್ನೆ: ನೀವು ಹಿಂದೆ ಬರೆದಂತೆ ನಾಯಿಗೆ ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಗುಳಿಗೆ ಹಾಕಬೇಕೆಂದಿದ್ದೇವೆ. ನಮ್ಮ ನಾಯಿ ರೊಟ್ಟಿಯಲ್ಲಿಟ್ಟರೆ ರೊಟ್ಟಿ ತಿಂದು ಗುಳಿಗೆ ಉಗುಳುತ್ತದೆ. ಏನು ಮಾಡಲಿ? (ಗೋಕಾಕ)

ಉತ್ತರ: ಅದು ಭಾರೀ ಕಹಿ, ನಾಯಿಯದೂ ತಪ್ಪಲ್ಲ. ಡೋಸ್ ಕಿಲೋಗೆ 5 ಮಿಲಿಗ್ರಾಂ, ಅಂದರೆ 50 ಮಿಲಿಗ್ರಾಂ ಗುಳಿಗೆ 10 ಕಿಲೋಗೆ ಒಂದು. 20 ಕಿಲೋ ನಾಯಿಗೆ ಎರಡು ಬೇಕು. ಹಾಕಿದ ಮೇಲೆ ಎರಡು ದಿನ ಕಟ್ಟಿಹಾಕಿ ಅದರ ಮಲ ಎತ್ತಿ ಹೂಳಿ. ಉಗುಳುವ ನಾಯಿಗೆ ಮೊದಲು ಒಂದು ತುಂಡು ಕಲೇಜಿ ಖಾಲಿ ಕೊಡಿ, ಎರಡನೆಯದರಲ್ಲಿ ಗುಳಿಗೆ ಇಡಿ, ಮೂರನೆಯದನ್ನು ಮೂಗಿನ ಮುಂದೆ ಹಿಡಿದುಕೊಂಡೇ ಇರಿ. ಮೂರನೆಯದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತದೆ. ಆದರೆ ಕಲೇಜಿ ಬೇಯಿಸಿದ್ದೇ ಇರಲಿ ಮಾರಾಯ್ರೇ, ಹಸಿಯದರಲ್ಲಿ ಇಟ್ಟು ಕೊಟ್ಟೀರಿ ಮತ್ತೆ.